ಅರ್ಧ ರೇಟಿನ ಮಾರಿಕಣಿವೆ

ರೆಸಾರ್ಟಿನ ಮ್ಯಾನೇಜರ್ ನಮ್ಮೆದುರು ಎರಡು ಬೀಗದ ಕೈ ಇಟ್ಟರು. ಒಂದು ರೂಮಿನದು. ಇನ್ನೊಂದು?

"ಅಡಿಗೆಮನೇದು" ಅಂದರು. "ಅಡಿಗೆಯವ್ರು ಊರಿಗೆ ಹೋಗ್ಯಾರೆ. ಇನ್ನು ಬರೋದು ಸೀಸನ್‌ಗೇ. ಗ್ಯಾಸ್ ಐತೆ, ಪಾತ್ರೆ ಅವೆ. ಹೆಂಗೂ ಅಮ್ಮಾರು ಬಂದಾರಲ್ಲ."

ಆ ಅಮ್ಮಾರು ಎಂದರೆ ನಾನು. ಕಾಲೇಜು ಲೈಬ್ರರಿಯಿಂದ ರಿಟೈರ್ ಆದವಳು. ಮೂರು ದಿನ ಒಲೆಯ ಮುಖ ನೋಡುವುದಿಲ್ಲ ಎಂದು ಶಪಥ ಮಾಡಿ, ಅಂದು ಬೆಳಗ್ಗೆಯಷ್ಟೇ ಚಿತ್ರದುರ್ಗದಲ್ಲಿ ಬಸ್ಸು ಹತ್ತಿದ್ದವಳು.

ಇದಕ್ಕೆಲ್ಲ ಕಾರಣ ನಮ್ಮನೆಯವರು. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು, ಅವರೂ ಈಗ ನಿವೃತ್ತರು. ಬೆಳಗಿನ ವಾಕಿಂಗಿನಲ್ಲಿ ಸಕ್ಕರೆ ಕಾಯಿಲೆ, ಪಿಂಚಣಿ, ಮೊಣಕಾಲು ಎಲ್ಲ ಮಾತಾಡಿ ಮುಗಿದ ಮೇಲೆ ಅವರ ಗುಂಪಿಗೆ ಹೊಸ ವಿಷಯವೊಂದು ಸಿಕ್ಕಿತ್ತು. ಆಫ್ ಸೀಸನ್ ಪ್ರವಾಸ.

"ಸೀಸನ್ನಲ್ಲಿ ಹೋಗೋರು ಯಾರು? ರಜೆ ಸಿಗದೇ ಇರೋರು. ನಮಗೆ ದಿನಾ ರಜೆ. ನಾವ್ಯಾಕೆ ಅವರ ಜೊತೆ ಗುದ್ದಾಡಬೇಕು?" ಎಂದು ಮನೆಗೆ ಬಂದು ನನಗೆ ಭಾಷಣ ಮಾಡಿದರು. ಜನ ಇರುವುದಿಲ್ಲವಂತೆ. ಕ್ಯೂ ಇರುವುದಿಲ್ಲವಂತೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನಮಗಾಗಿಯೇ ಕಾದಿರುತ್ತದಂತೆ. ಎಲ್ಲಕ್ಕಿಂತ ಮುಖ್ಯವಾಗಿ, ರೂಮು ಅರ್ಧ ರೇಟು.

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. (ಇದನ್ನು ಅವರೆದುರು ಹೇಳಿಲ್ಲ.) ನಾವು ನಿವೃತ್ತರು ವಿಚಿತ್ರ ಜನ. ಭಾನುವಾರ ಬಂದರೆ ಈಗಲೂ ತಡವಾಗಿ ಏಳುತ್ತೇವೆ, ಯಾವ ದಣಿವಿಗೋ ಗೊತ್ತಿಲ್ಲ. ಸೋಮವಾರ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು, ಕೆಲಸಕ್ಕೆ ಹೋಗಬೇಕಾದವರ ಜೊತೆ ಜಗಳ ಕಾಯುತ್ತೇವೆ. ಮಂಗಳವಾರ ಮಟಮಟ ಮಧ್ಯಾಹ್ನ ಕೋಟೆ ನೋಡಲು ಹೋಗೋಣ ಎಂದರೆ ಎದೆ ಢವಢವ. ಯಾರಾದರೂ ನೋಡಿ, ಇವತ್ತು ಆಫೀಸಿಲ್ಲವಾ ಎಂದು ಕೇಳಿಬಿಟ್ಟರೆ?

ಹಾಗಾಗಿ ಒಪ್ಪಿದೆ. ಊಟಿಯೋ ಕೊಡೈಕೆನಾಲೋ ಎಂದುಕೊಂಡು ಸ್ವೆಟರು ಹುಡುಕತೊಡಗಿದ್ದೆ. "ಮೊದ್ಲು ಹತ್ತಿರದಲ್ಲಿ ಟೆಸ್ಟ್ ಮಾಡಾಣ" ಅಂದರು. ಹತ್ತಿರದಲ್ಲಿ ಎಂದರೆ ಮಾರಿಕಣಿವೆ. ಬೇಸಿಗೆಯ ನಟ್ಟನಡುವೆ. ಊಟಿಗೆ ಅದು ಸೀಸನ್ನು, ಡ್ಯಾಮಿಗೆ ಆಫ್ ಸೀಸನ್ನು.

ಹೊಳಲ್ಕೆರೆ ಕಡೆಯ ಅವರ ವಾಕಿಂಗ್ ಗೆಳೆಯರೊಬ್ಬರು ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು. "ಮೂರು ದಿನ ಅಲ್ಲೇನ್ ಮಾಡ್ತೀರಕ್ಕಾ? ಡ್ಯಾಮು ಅರ್ಧ ದಿನಕ್ಕೇ ಮುಗಿತೈತೆ."

ಡ್ಯಾಮು ನೋಡಲು ಯಾರು ಹೊರಟಿದ್ದರು? ನಾನು ಹೊರಟಿದ್ದು ಅಡುಗೆ ಮಾಡದೇ ಇರಲು. ಅದೊಂದೇ ಷರತ್ತು. ಮೂರು ದಿನ ನನ್ನ ಕೈಯಿಂದ ಒಂದು ಲೋಟ ಕಾಫಿಯೂ ಇಲ್ಲ. ಮದುವೆಯಾದಾಗಿನಿಂದ ಒಂದು ಸಲವಾದರೂ, ಹಸಿವಾದಾಗ ಹೋಗಿ ಸುಮ್ಮನೆ ಕುಳಿತು, ಯಾರೋ ತಂದಿಟ್ಟ ಬಿಸಿ ತಟ್ಟೆಗೆ ಕೈ ಹಾಕಬೇಕು ಅಂತ ನನಗಿತ್ತು. ಇದೇನು ದೊಡ್ಡ ಆಸೆಯೇ?

"ರೆಸಾರ್ಟಲ್ಲಿ ಗೆಸ್ಟ್‌ಗಳ ಕೈಲಿ ಅಡಿಗೆ ಮಾಡಿಸ್ತಾರೇನೆ? ಕುಂತಲ್ಲಿಗೇ ಬರುತ್ತೆ" ಎಂದು ನಮ್ಮನೆಯವರು ಭರವಸೆ ಕೊಟ್ಟರು. ಫೋನಿನಲ್ಲಿ ಅವರು ಏಸಿ ವಿಚಾರಿಸಿದ್ದರು, ಬಿಸಿನೀರು ವಿಚಾರಿಸಿದ್ದರು, ಸೀನಿಯರ್ ಸಿಟಿಜನ್ ಡಿಸ್ಕೌಂಟ್ ಎರಡೆರಡು ಸಲ ವಿಚಾರಿಸಿದ್ದರು. ಊಟದ ಸಂಗತಿ ಮಾತ್ರ ಕೇಳಿರಲಿಲ್ಲ. ಊಟ ತನ್ನಷ್ಟಕ್ಕೇ ಆಗುವ ವಸ್ತು ಎಂದು ಅವರು ನಂಬಿ ಎಷ್ಟೋ ವರ್ಷವಾಗಿದೆ.

ಆದರೂ ಊರು ಬಿಡುವಾಗ ಬುತ್ತಿಯಿಲ್ಲದೆ ಹೊರಡುವುದುಂಟೇ? ಹಿಂದಿನ ದಿನ ಕುಳಿತು ಸಜ್ಜೆ ರೊಟ್ಟಿ ಬಡಿದೆ. ಎಣ್ಣೆಗಾಯಿ ಮಾಡಿದೆ. ಶೇಂಗಾ ಚಟ್ನಿಪುಡಿ ಕುಟ್ಟಿದೆ. ಚಿತ್ರಾನ್ನ ಕಲಸಿದೆ. (ಅಡುಗೆ ಮಾಡದಿರಲು ಹೊರಟವಳು ಎರಡು ದಿನದ ಅಡುಗೆಯನ್ನು ಒಂದೇ ದಿನ ಮಾಡಿದ್ದನ್ನು ನೀವು ಗಮನಿಸಿರುತ್ತೀರಿ. ನಾನು ಗಮನಿಸಿದ್ದು ಬಸ್ಸು ಹಿರಿಯೂರು ತಲುಪಿದ ಮೇಲೆ.)

ಅದೇ ಬುತ್ತಿಯ ಧೈರ್ಯದಿಂದ ನಾನು ಆ ಎರಡನೇ ಬೀಗದ ಕೈಯನ್ನು ಮುಟ್ಟದೆ ಬಂದು ರೆಸಾರ್ಟಿನ ಜಗುಲಿಯಲ್ಲಿ ಕುಳಿತೆ. ಇವತ್ತು, ನಾಳೆ ಮಧ್ಯಾಹ್ನದವರೆಗೆ ಸಾಕು. ಆಮೇಲೆ ಹಿರಿಯೂರಿಗೆ ಹೋಗಿ ಹೋಟೆಲಿನಲ್ಲಿ ಉಣ್ಣುವುದು. ಗಂಟು ಬಿಚ್ಚಿದೆ. ಎಣ್ಣೆಗಾಯಿಯ ಘಮ ಜಗುಲಿಯ ತುಂಬ ಹರಡಿತು.

ಮ್ಯಾನೇಜರ್ ತಮ್ಮ ಮೇಜಿನ ಹಿಂದಿದ್ದರು. ವಾಚ್‌ಮನ್ ತಿಪ್ಪೇಸ್ವಾಮಿ ಮೆಟ್ಟಿಲ ಮೇಲಿದ್ದರು. ಯಲ್ಲದಕೆರೆಯವರು, ಹೆಚ್ಚುಕಡಿಮೆ ನಮ್ಮ ವಯಸ್ಸಿನವರು. ಎದುರಿಗೆ ಜನ ಇಟ್ಟುಕೊಂಡು ಕರೆಯದೆ ಉಣ್ಣುವುದು ನಮ್ಮ ಕಡೆ ಇಲ್ಲ. "ಬರ್ರಿ, ಊಟ ಮಾಡಾಣ" ಅಂದೆ.

ಈ ಪದ್ಧತಿಗೆ ಎರಡು ಭಾಗವಿದೆ. ಒಬ್ಬರು ಕರೆಯಬೇಕು. ಇನ್ನೊಬ್ಬರು "ಇಲ್ರಿ, ಈಗ್ತಾನೆ ಆತು, ನೀವ್ ಮಾಡ್ರಿ" ಅನ್ನಬೇಕು. ಹುಟ್ಟಿದಾಗಿನಿಂದ ನೋಡಿದ್ದೇನೆ, ಎರಡನೇ ಭಾಗ ತಪ್ಪಿದ್ದು ಕಡಿಮೆ. ಆದರೆ ಅಡುಗೆಯವರು ಊರಿಗೆ ಹೋದಾಗಿನಿಂದ ಈ ಇಬ್ಬರೂ ಬನ್ನು, ಟೀ, ಮಂಡಕ್ಕಿಯಲ್ಲಿ ಬದುಕಿದ್ದರು. ನನ್ನ ಮಾತು ಮುಗಿಯುವಷ್ಟರಲ್ಲಿ ತಿಪ್ಪೇಸ್ವಾಮಿ ಕೈ ತೊಳೆದು ಬಂದು ಕುಳಿತಿದ್ದರು. ಮ್ಯಾನೇಜರ್ ತಟ್ಟೆಯನ್ನೂ ತಂದಿದ್ದರು.

ಬಡಿಸಿದೆ. ಇನ್ನೊಂದು ರೊಟ್ಟಿ ಹಾಕ್ಕೊಳ್ರಿ ಅಂತಲೂ ಅಂದೆ. ಅದೂ ಪದ್ಧತಿ. ಅದನ್ನೂ ಅವರು ಹಾಕಿಕೊಂಡರು. ಡಬ್ಬಿಗಳು ಖಾಲಿಯಾದವು.

ಸಂಜೆ ನಾವಿಬ್ಬರೂ ನೀರು ಕಾಣುವ ಕಲ್ಲುಕಟ್ಟೆಯೊಂದರ ಮೇಲೆ ಹೋಗಿ ಕುಳಿತೆವು. ಸುಳ್ಳೇಕೆ ಹೇಳಲಿ, ಅದೊಂದು ಗಂಟೆ ಬಲು ಚೆನ್ನಾಗಿತ್ತು. ಹಿರಿಯೂರಿನ ಬಿಸಿಲು ಇಳಿದು ನೀರಿನ ಮೇಲಿಂದ ಗಾಳಿ ಬೀಸುತ್ತಿತ್ತು. ಸೆಲ್ಫಿಗೆ ಅಡ್ಡ ಬಂದಿರಿ, ಸರಿಯಿರಿ ಎನ್ನುವವರಿಲ್ಲ. ಕಿರುಚುವ ಸ್ಪೀಕರ್ ಇಲ್ಲ. ನಮ್ಮನೆಯವರು ನನ್ನ ಚೀಲ ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಆಫ್ ಸೀಸನ್ ಎಂಬುದನ್ನು ಕಂಡುಹಿಡಿದವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆಮೇಲೆ ಹಸಿವಾಯಿತು.

ಮೀನು ಕರಿಯುವ ಅಂಗಡಿಗಳೂ, ಚುರುಮುರಿ ಗಾಡಿಗಳೂ ಸೀಸನ್ ಮುಗಿಸಿ ಹೋಗಿದ್ದವು. ಹಿರಿಯೂರಿನ ಬಸ್ಸೂ ಹೋಗಿತ್ತು. ರೆಸಾರ್ಟಿಗೆ ಬಂದರೆ ಮೂರು ಜೊತೆ ಗಂಡಸಿನ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

"ಮಧ್ಯಾಹ್ನದ ಎಣ್ಣೆಗಾಯಿ ಇನ್ನೂ ನಾಲಿಗೆ ಮ್ಯಾಲೆ ಐತೆ ಅಮ್ಮಾರೇ" ಎಂದರು ಮ್ಯಾನೇಜರ್.

"ನಮ್ಮ ಅವ್ವ ಹಿಂಗೇ ಮಾಡ್ತಿದ್ಳು" ಎಂದರು ತಿಪ್ಪೇಸ್ವಾಮಿ.

ಹೊಗಳಿಕೆಗೆ ನಾನು ಕರಗುತ್ತೇನೆ. ಅಷ್ಟು ವರ್ಷ ಲೈಬ್ರರಿಯಲ್ಲಿ ದುಡಿದೆ, ಒಬ್ಬರಾದರೂ ಒಂದು ಒಳ್ಳೆಯ ಮಾತು ಹೇಳಿದ್ದರೇ? ಬೀಗದ ಕೈ ತೆಗೆದುಕೊಂಡು ಹೋಗಿ ಅಡುಗೆಮನೆ ತೆರೆದೆ. ರಾಗಿಹಿಟ್ಟಿತ್ತು. ಈರುಳ್ಳಿ, ಟೊಮ್ಯಾಟೊ, ಬೇಳೆ ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಯೂ ಆಗಿತ್ತು. ಅಷ್ಟರಲ್ಲಿ ಜಗುಲಿಯಿಂದ ನಮ್ಮನೆಯವರ ದನಿ ಬಂತು.

"ಸರೋಜಾ, ಖಾರ ಸ್ವಲ್ಪ ಕಮ್ಮಿ ಇರ್ಲಿ."

ಇಣುಕಿ ನೋಡಿದೆ. ಕುರ್ಚಿಯ ಮೇಲೆ ಕುಳಿತು, ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿ, ಬೆಳಗ್ಗೆ ಓದಿದ ಪೇಪರನ್ನೇ ಮತ್ತೆ ಓದುತ್ತಿದ್ದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸೆರಗು ಬಿಚ್ಚಿದೆ. ಹೊರಗೆ ಬಂದು ಬೀಗದ ಕೈಯನ್ನು ಅವರ ಪೇಪರಿನ ಮೇಲೆ ಇಟ್ಟೆ. ಕಾಲು ಚಾಚಿದ್ದ ಕುರ್ಚಿಯನ್ನು ಎಳೆದುಕೊಂಡು ಕುಳಿತೆ.

"ಏನಿದು?" ಅಂದರು.

"ನಾನು ಗೆಸ್ಟು" ಅಂದೆ.

ಮೂವರೂ ಎದ್ದು ಒಳಗೆ ಹೋದರು. ಬುದ್ಧಿ ಬಂದಾಗಿನಿಂದ ದಿನವೂ ಮುದ್ದೆ ಉಂಡವರು. ತಿರುವಿದವರು ಮಾತ್ರ ಒಬ್ಬರೂ ಇಲ್ಲ.

"ನೀರು ಎಷ್ಟಿಡಬೇಕೇ?" ಎಂದು ಬಂದರು ನಮ್ಮನೆಯವರು. ನಾನು ನೀರಿನ ಕಡೆ ನೋಡಿದೆ, ಡ್ಯಾಮಿನ ನೀರಿನ ಕಡೆ. "ಹಿಟ್ಟು ಮೊದ್ಲೋ ನೀರು ಮೊದ್ಲೋ ಅಮ್ಮಾರೇ?" ಎಂದು ಬಂದರು ಮ್ಯಾನೇಜರ್. ತಿಪ್ಪೇಸ್ವಾಮಿ ಹೆಂಡತಿಗೆ ಫೋನ್ ಮಾಡಿದರು. ಆಕೆ ಏನು ಹೇಳಿದರೋ ತಿಳಿಯದು, ಬಹಳ ಹೊತ್ತು ನಕ್ಕಿದ್ದಂತೂ ಜಗುಲಿಯವರೆಗೆ ಕೇಳಿಸಿತು.

ಕೂತಿರುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಒಳಗೆ ಒಗ್ಗರಣೆ ಸೀದ ವಾಸನೆ. ಮುದ್ದೆಕೋಲು ಪಾತ್ರೆಗೆ ಬಡಿಯುವ ಸದ್ದು ತಪ್ಪು ತಾಳದಲ್ಲಿ ಬರುತ್ತಿದೆ. ಕಾಲು ತಾನಾಗಿಯೇ ಏಳುತ್ತದೆ. ಎರಡು ಸಲ ಎದ್ದೆ, ಎರಡು ಸಲವೂ ಕುಳಿತೆ. ಎದ್ದು ಹೋದರೆ ಮುಗಿಯಿತು, ಇನ್ನು ಈ ಜನ್ಮದಲ್ಲಿ ಯಾರೂ ತಟ್ಟೆ ತಂದಿಡುವುದಿಲ್ಲ ಎಂದು ಗೊತ್ತಿತ್ತು.

ಕೊನೆಗೂ ತಟ್ಟೆ ಬಂತು. ತಂದವರು ನಮ್ಮನೆಯವರು. ಕನ್ನಡಕದ ಮೇಲೂ ರಾಗಿಹಿಟ್ಟು. ಮುದ್ದೆಯಲ್ಲಿ ಗಂಟುಗಳಿದ್ದವು. ಗಂಟುಗಳ ನಡುವೆ ಅಲ್ಲಲ್ಲಿ ಮುದ್ದೆಯೂ ಇತ್ತು. ಸಾರಿಗೆ, ಖಾರ ಕಮ್ಮಿ ಇರಲಿ ಅಂದಿದ್ದ ಮಹಾನುಭಾವರು ಎಷ್ಟು ಮೆಣಸಿನಪುಡಿ ಸುರಿದಿದ್ದರೋ.

ಅದು ಬಿಸಿಯಾಗಿತ್ತು. ನಾನು ಕುಳಿತೇ ಇದ್ದೆ. ಕಣ್ಣಲ್ಲಿ ನೀರು ಬಂತು.

"ಖಾರ ಆತಾ?" ಎಂದು ಕೇಳಿದರು, ನಿಜವಾಗಿಯೂ ಗಾಬರಿಯಾಗಿ.

"ಖಾರಾನೂ ಆತು" ಅಂದೆ. ಇನ್ನರ್ಧ ಮುದ್ದೆ ಹಾಕಿಸಿಕೊಂಡೆ. ಪದ್ಧತಿಗಲ್ಲ, ಬೇಕೆಂದೇ.

ಉಳಿದ ಎರಡು ದಿನ ಹಿರಿಯೂರಿಗೆ ಯಾರೂ ಹೋಗಲಿಲ್ಲ. ಮೂವರಿಗೂ ಹುರುಪು ಬಂದಿತ್ತು. ಹೊರಡುವ ಬೆಳಗ್ಗೆ ಉಪ್ಪಿಟ್ಟು ಉಪ್ಪಿಟ್ಟಿನಂತೆಯೇ ಇತ್ತು.

ಊರಿಗೆ ಬಂದ ಮೇಲೆ ವಾಕಿಂಗಿನ ಗುಂಪಿನಲ್ಲಿ ನಮ್ಮನೆಯವರದೇ ಮಾತು. ಆಫ್ ಸೀಸನ್ನಿನ ಲಾಭಗಳು ಎಂಬ ಅವರ ಭಾಷಣಕ್ಕೆ ಈಗ ಮುದ್ದೆಯ ಅಧ್ಯಾಯವೂ ಸೇರಿದೆ. ಕೈ ಆಡಿಸಿ ತಿರುವಿ ತೋರಿಸುತ್ತಾರಂತೆ. ಹೊಳಲ್ಕೆರೆ ಕಡೆಯ ಗೆಳೆಯರು ತಾವೂ ಹೊರಡಬೇಕೆಂದಿದ್ದಾರೆ. ಹೋಗಲಿ. ಆದರೆ ನನ್ನದೊಂದು ಸಣ್ಣ ಅನುಮಾನ. ರಿಟೈರ್ ಆದವರಿಗೆ ವರ್ಷವೆಲ್ಲ ಆಫ್ ಸೀಸನ್ ಎನ್ನುತ್ತೀರಲ್ಲ, ನಿಮ್ಮ ಮನೆಯ ಅಡುಗೆ ಒಲೆಗೆ ಆ ಸುದ್ದಿ ತಿಳಿಸಿದವರುಂಟೇ?

ಮೊನ್ನೆ ಬೆಳಗ್ಗೆ ನಮ್ಮನೆಯವರು ವಾಕಿಂಗ್ ಮುಗಿಸಿ ಬಂದರು. ಫ್ಯಾನ್ ಹಾಕಿಕೊಂಡರು. ಒಂದು ಕುರ್ಚಿಯ ಮೇಲೆ ಕುಳಿತು, ಇನ್ನೊಂದರ ಮೇಲೆ ಕಾಲು ಚಾಚಿದರು.

"ತಿಂಡಿ ಏನೇ?"

ನಾನು ಪೇಪರಿನಿಂದ ತಲೆ ಎತ್ತಲಿಲ್ಲ.

"ಅಡಿಗೆಯವ್ರು ಊರಿಗೆ ಹೋಗ್ಯಾರೆ ಕಣ್ರಿ. ಇನ್ನು ಬರೋದು ಸೀಸನ್‌ಗೇ."