ರಾಬರ್ಟ್ಸ್‌ಗಳಿಗೆ ಮಣ್ಣು ಕೊಡುವ ಇಡ್ವಾಲ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬ್ರಿನ್‌ಲೆಖ್ ಊರಿನ ಚಾಪೆಲ್ ಹಿಂದಿನ ಸ್ಮಶಾನದ ಇಳಿಜಾರಿನಲ್ಲಿ ಇಡ್ವಾಲ್ ರಾಬರ್ಟ್ಸ್ ಮಂಡಿಯೂರಿ, ಹುಲ್ಲನ್ನು ಬೇರುಸಮೇತ ಚೌಕವಾಗಿ ಕತ್ತರಿಸಿ ಹಲಗೆಯ ಮೇಲೆ ಜೋಡಿಸುತ್ತಿದ್ದಾರೆ. ಗುಂಡಿ ಮುಚ್ಚಿದ ಮೇಲೆ ಪ್ರತಿ ಹೆಂಟೆಯೂ ತನ್ನ ಜಾಗಕ್ಕೇ ಮರಳಬೇಕು. "ಅಲ್ಲೊಂದು ಇಲ್ಲೊಂದು ಇಟ್ರೆ ಭಾನುವಾರ ಹೆಂಗಸ್ರು ಬಂದು ನನ್ನ ಮಾನ ಹರಾಜು ಹಾಕ್ತಾರೆ" ಎನ್ನುತ್ತಾರೆ. ಸಮಾಧಿಗಳ ನಡುವೆ ಯಂತ್ರ ನುಗ್ಗುವುದಿಲ್ಲ. ಮೊಣಕಾಲುದ್ದ ಮಣ್ಣು, ಅದರಡಿ ಬರೀ ಸ್ಲೇಟಿನ ಚೂರು. ಎಲ್ಲವನ್ನೂ ಕೈಯಲ್ಲೇ ಅಗೆಯಬೇಕು.

ಸ್ಲೇಟುಗಣಿ ಮುಚ್ಚಿದಾಗ, ಬೇರೆ ಕೆಲಸ ಸಿಗುವವರೆಗೆ ಎಂದು ಗುದ್ದಲಿ ಹಿಡಿದವರು ಇವರು. ಬೇರೆ ಕೆಲಸ ಸಿಗಲಿಲ್ಲ. ಮೂವತ್ತು ವರ್ಷ ಕಳೆದಿದೆ, ಸೊಂಟ ಹಿಡಿದಿದೆ. ಚಳಿಗಾಲದಲ್ಲಿ ವಾರಕ್ಕೆ ಎರಡು ಗುಂಡಿ, ಬೇಸಿಗೆಯಲ್ಲಿ ಹುಲ್ಲು ಕೊಯ್ಯುವ ಕೆಲಸ.

ಇಲ್ಲಿ ಮಲಗಿರುವವರಲ್ಲಿ ಮುಕ್ಕಾಲು ಪಾಲು ರಾಬರ್ಟ್ಸ್‌ಗಳೇ. ಕಣಿವೆಯಾಚೆಗೂ ಕೇಳುವಂತೆ ಬೋಧಿಸುತ್ತಿದ್ದ ಪಾದ್ರಿ ರಾಬರ್ಟ್ಸ್, ಮೂರು ಹಡಗು ಮುಳುಗಿದರೂ ತಾನು ಮುಳುಗದ ಕಪ್ತಾನ ರಾಬರ್ಟ್ಸ್, ಗಣಿಯ ಮಕ್ಕಳಿಗೆ ಶಾಲೆ ತೆರೆದ ಕಾತ್ರಿನ್ ರಾಬರ್ಟ್ಸ್. ಅವರನ್ನು ನೋಡಲು ಬಸ್ಸಿನಲ್ಲಿ ಜನ ಬರುತ್ತಾರೆ, ಫೋಟೊ ತೆಗೆಯುತ್ತಾರೆ. ಹುಲ್ಲು ಕೊಯ್ದವರು ಯಾರೆಂದು ಒಬ್ಬರೂ ಕೇಳಿದ್ದನ್ನು ನಾನು ಕಂಡಿಲ್ಲ, ನನಗೆ ಸಿಟ್ಟೂ ಬರುತ್ತದೆ. ಇಡ್ವಾಲ್‌ಗೆ ಬರುವುದಿಲ್ಲ. "ಪಾದ್ರಿ ಮೇಲೆ ಮೆತ್ತನೆ ಹುಲ್ಲು, ಕಪ್ತಾನನ ಮೇಲೆ ಬರೀ ಮುಳ್ಳು. ಬದುಕಿದ್ದಾಗ್ಲೂ ಹಂಗೇ ಇದ್ರೋ ಏನೋ."

ಬದುಕಿರುವ ರಾಬರ್ಟ್ಸ್‌ಗಳನ್ನು ಊರಲ್ಲಿ ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಕರೆದರೆ ಬೀದಿಗೆ ಬೀದಿಯೇ ತಿರುಗಿ ನೋಡುತ್ತದೆ. ಇವರು ಗುದ್ದಲಿ ಇಡ್ವಾಲ್. ಬೇಕರಿ ನಡೆಸುತ್ತಿದ್ದ ಗ್ರಿಫಿತ್ ರಾಬರ್ಟ್ಸ್ ಎಲ್ಲರಿಗೂ ಬ್ರೆಡ್ ಗಿಟೊ. ಪೂರ್ತಿ ಹೆಸರು ಬೇಕಾಗುವುದು ಸತ್ತ ಮೇಲೆ, ಕಲ್ಲಿಗೆ.

ಕಳೆದ ತಿಂಗಳ ಎಡವಟ್ಟು ಆದದ್ದು ಅದರಿಂದಲೇ. ಲಿವರ್‌ಪೂಲಿನಿಂದ ಶವಸಂಸ್ಕಾರದವರು ಸಂಜೆ ಫೋನ್ ಮಾಡಿ, ತಡವಾಯಿತೆಂದು ಕ್ಷಮೆ ಕೇಳಿ, ಓವೆನ್ ಅವರ ಮಗ ಗ್ರಿಫಿತ್ ರಾಬರ್ಟ್ಸ್ ತೀರಿಕೊಂಡಿದ್ದಾರೆ, ನಾಳೆ ಹನ್ನೊಂದಕ್ಕೆ ಅಪ್ಪನ ಸಮಾಧಿಯಲ್ಲೇ ಮಣ್ಣು ಮಾಡಬೇಕು ಎಂದರು. ಗಿಟೊನ ಅಪ್ಪನ ಹೆಸರು ಓವೆನ್. ಗಿಟೊ ಕಣ್ಣಿನ ಆಪರೇಷನ್ನಿಗೆಂದು ಲಿವರ್‌ಪೂಲಿನ ಮಗಳ ಮನೆಗೆ ಹೋಗಿದ್ದರು. ಊರಿನ ಅವರ ಮನೆಯಲ್ಲಿ ದೀಪವಿರಲಿಲ್ಲ.

ಇಡ್ವಾಲ್ ಯಾರನ್ನೂ ವಿಚಾರಿಸಲಿಲ್ಲ, ಹೆಂಡತಿ ನೆಸ್ಟಾಗೂ ಹೇಳಲಿಲ್ಲ. ಬಾಯಿ ಬಿಟ್ಟರೆ ಅಳುತ್ತೇನೆಂಬ ಭಯ. ಗಿಟೊ, ಇಡ್ವಾಲ್ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆದರೆ ಎರಡು ವರ್ಷದಿಂದ ಮಾತಿರಲಿಲ್ಲ. ಗಂಡಸರ ಗಾಯನ ತಂಡವನ್ನು ನಡೆಸುವ ಗಿಟೊ, ಗಂಟಲು ಹೋಗಿದೆ ಎಂದು ಇಡ್ವಾಲ್‌ರನ್ನು ಎಲ್ಲರೆದುರೇ ಮುಂದಿನ ಸಾಲಿನಿಂದ ಎಬ್ಬಿಸಿ ಕಳಿಸಿದ್ದರು.

"ಅಗೀತಾ ಅಗೀತಾ ಬೈದೆ ಅವನಿಗೆ. ಸಾಯೋಕೆ ಮುಂಚೆ ಒಂದು ಮಾತಾಡ್ಬಾರ್ದಿತ್ತೇನೋ ಅಂತ. ಆಮೇಲೆ, ನಾನಾದ್ರೂ ಆಡ್ಬಹುದಿತ್ತಲ್ಲ ಅಂತ ಅತ್ತೆ."

ಮರುದಿನ ಮುಂಜಾನೆ, ಗಿಟೊನ ಅಪ್ಪನ ಸಮಾಧಿಯಲ್ಲಿ ಗುಂಡಿ ಸೊಂಟದುದ್ದ ಆಗಿರುವಾಗ ಮೇಲಿನಿಂದ ದನಿ ಬಂತು.

"ನಮ್ಮಪ್ಪನ್ನ ಯಾಕೋ ಎಬ್ಬಿಸ್ತಿದ್ದೀಯ?"

ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಗಿಟೊ. ರಾತ್ರಿಯ ಕೊನೆಯ ಬಸ್ಸಿಗೆ ಬಂದು, ಬೇಕರಿ ಕಾಲದ ರೂಢಿಯಂತೆ ನಸುಕಿಗೇ ಎದ್ದು ತಿರುಗಾಡಲು ಹೊರಟಿದ್ದರು. ಇಡ್ವಾಲ್ ಗುದ್ದಲಿ ಕೆಳಗಿಟ್ಟು ಮೇಲೆ ನೋಡಿದರು.

"ನೀನು ಸತ್ತೆ ಅಂದ್ರಲ್ಲೋ."

"ಯಾರೋ ಅಂದಿದ್ದು? ನನಗೊಬ್ರೂ ಹೇಳ್ಲಿಲ್ಲ."

ಆಮೇಲೆ ಇಬ್ಬರೂ ಬಹಳ ಹೊತ್ತು ನಕ್ಕರಂತೆ. ನಗು ನಿಂತಾಗ ಗಿಟೊ ಕೈ ಚಾಚಿ ಇಡ್ವಾಲ್‌ರನ್ನು ಮೇಲಕ್ಕೆಳೆದರು, ಆ ಕೈಯನ್ನು ಇಡ್ವಾಲ್ ಬಿಡಲಿಲ್ಲ. ಎಂಟಕ್ಕೆ ಕಚೇರಿ ತೆರೆದಾಗ ಶವಸಂಸ್ಕಾರದವರಿಗೆ ಫೋನ್ ಮಾಡಿದ್ದೂ ಗಿಟೊ. ಗ್ರಿಫಿತ್ ರಾಬರ್ಟ್ಸ್ ಮಾತಾಡುತ್ತಿದ್ದೇನೆ ಎಂದಾಗ ಆ ಕಡೆಯವರು ಫೋನೇ ಇಟ್ಟುಬಿಟ್ಟರು, ಮತ್ತೆ ಮಾಡಬೇಕಾಯಿತು. ಸತ್ತವರು ಅದೇ ಹೆಸರಿನ, ಐವತ್ತು ವರ್ಷದ ಹಿಂದೆ ಊರು ಬಿಟ್ಟ ಹಡಗಿನ ಬಡಗಿ, ಮೇಲಿನ ಬೀದಿಯ ಓವೆನ್ ಅವರ ಮಗ. ಆ ಓವೆನ್ ಅವರ ಸಮಾಧಿ ಗೋಡೆಯ ಪಕ್ಕದಲ್ಲಿತ್ತು, ಹುಲ್ಲೂ ಕಿತ್ತಿರಲಿಲ್ಲ.

ಉಳಿದದ್ದು ಮೂರೇ ಗಂಟೆ. ಬಾಗಬಾರದೆಂದು ವೈದ್ಯರು ಹೇಳಿದ್ದರಿಂದ ಗಿಟೊ ಮನೆಮನೆಯ ಬಾಗಿಲು ಬಡಿದರು. ಗಾಯನ ತಂಡದವರು ಗುದ್ದಲಿ ಹಿಡಿದು ಬಂದರು, ಕೆಲವರು ರಾತ್ರಿಯ ಪೈಜಾಮದಲ್ಲೇ. ಹನ್ನೊಂದಕ್ಕೆ ಬಡಗಿಯ ಮಗಳು ಒಬ್ಬಳೇ ಕಾರಿನಿಂದ ಇಳಿದಾಗ ಗುಂಡಿ ಸಿದ್ಧವಿತ್ತು. ಮಣ್ಣು ಮೆತ್ತಿದ ಬೂಟಿನಲ್ಲೇ ಸಾಲಾಗಿ ನಿಂತು ಅವರು ಹಾಡಿದರು. ಇಡ್ವಾಲ್ ಮುಂದಿನ ಸಾಲಿನಲ್ಲಿದ್ದರು. ಗಂಟಲು ನಿಜಕ್ಕೂ ಹೋಗಿದೆ, ನಾನೇ ಕೇಳಿದ್ದೇನೆ. ಆ ದಿನ ಯಾರೂ ಚಕಾರವೆತ್ತಲಿಲ್ಲ.

ಗಿಟೊನ ಅಪ್ಪನ ಗುಂಡಿಯನ್ನು ಮಧ್ಯಾಹ್ನ ಇಡ್ವಾಲ್ ಒಬ್ಬರೇ ಮುಚ್ಚಿದರು. ಅಷ್ಟು ಹಗುರಾಗಿ ಯಾವತ್ತೂ ಮಣ್ಣು ಎಳೆದಿಲ್ಲ ಎನ್ನುತ್ತಾರೆ.

ಕೆಲಸ ಬಿಡುವ ಮೊದಲು ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಗುದ್ದಲಿಯನ್ನು ಹುಲ್ಲಿಗೆ ಒರೆಸುತ್ತಾರೆ.

"ಗಿಟೊಗೆ ಒಂದ್ಸಲ ತೋಡಾಯ್ತು. ಇನ್ನೊಂದ್ಸಲ ನನ್ನ ಕೈಲಾಗಲ್ಲ. ಅದಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."