ಇವಳ ತಮ್ಮ

ನಾನು ಚಿಕ್ಕವನಿದ್ದಾಗ ನನಗೆ ಹೆಸರೇ ಇರಲಿಲ್ಲ. ಮನೆಯಲ್ಲಿ ಇತ್ತು, ಶಾಲೆಯ ಹಾಜರಿ ಪುಸ್ತಕದಲ್ಲೂ ಇತ್ತು. ಆದರೆ ನಮ್ಮ ಮಾಷ್ಟ್ರ ಬಾಯಲ್ಲಿ ಮಾತ್ರ ನಾನು ‘ಇವಳ ತಮ್ಮ’. ಇವಳು ಎಂದರೆ ನನ್ನ ಅಕ್ಕ.

ಬೆಳ್ಳಾರೆಯಿಂದ ಒಳಗೆ ನೀರು ಹರಿಯುವ ಎರಡು ತೋಡು ದಾಟಿದರೆ ನಮ್ಮ ಶಾಲೆ. ಮುಳಿಹುಲ್ಲು ಹೊದೆಸಿದ ಮಾಡು, ಒಂದೇ ಕೋಣೆ, ಐದು ಕ್ಲಾಸು, ಒಬ್ಬರೇ ಮಾಷ್ಟ್ರು. ಒಂದನೆಯವರ ಅಆಇಈ, ಐದನೆಯವರ ಪದ್ಯ ಎಲ್ಲ ಅಲ್ಲೇ ಕಲಸಿಹೋಗುತ್ತಿತ್ತು. ಸ್ಲೇಟು ಒರೆಸಿದ ನೀರುಕಡ್ಡಿ ಗಿಡದ ಹಸಿ ವಾಸನೆ ಸಂಜೆಯವರೆಗೂ ಬೆರಳಿನಲ್ಲಿರುತ್ತಿತ್ತು. ನಾನು ಮೂರನೇ ಕ್ಲಾಸು, ಅಕ್ಕ ಐದನೇ ಕ್ಲಾಸು. ಕೋಣೆ ಒಂದೇ ಆದ್ದರಿಂದ ಮಾಷ್ಟ್ರು ಅವಳನ್ನು ಹೊಗಳುವುದನ್ನು ನಾನು ದಿನವಿಡೀ ಕೇಳಲೇಬೇಕಿತ್ತು. ಬೆಲ್ಲು ಹೊಡೆಯುವವಳು ಅಕ್ಕ. ಕಪಾಟಿನ ಬೀಗದಕೈ ಅಕ್ಕನ ಹತ್ತಿರ. ಒಮ್ಮೆ ನಾನು ಹದಿಮೂರರ ಮಗ್ಗಿಯನ್ನು ಒಂದೂ ತಪ್ಪದೆ ಹೇಳಿದೆ. ಮಾಷ್ಟ್ರು ದಪ್ಪ ಮೀಸೆಯಡಿಯಲ್ಲೇ ನಕ್ಕು, “ಭೇಷ್! ಇವಳ ತಮ್ಮ ಅಲ್ವೇನೋ ನೀನು?” ಎಂದರು. ಮಗ್ಗಿ ಹೇಳಿದ್ದು ನಾನು, ಹೆಸರು ಬಂದದ್ದು ಅವಳಿಗೆ! ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ನನ್ನದಕ್ಕಂತೂ ಇರಲಿಲ್ಲ.

ಮಾಷ್ಟ್ರು ಘಟ್ಟದ ಮೇಲಿನವರು. ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷವೇ ಅವರು ಬಂದದ್ದು. ಅವರಿಗೆ ತುಳು ಬಾರದು, ನಮಗೆ ಕನ್ನಡ ಬಾರದು. ತುಳುವಿನಲ್ಲಿ ‘ಅಪ್ಪೆ’ ಎಂದರೆ ಅಮ್ಮ, ‘ಅಮ್ಮೆ’ ಎಂದರೆ ಅಪ್ಪ. “ಅಪ್ಪನ ಹೆಸರೇನು?” ಎಂದು ಅವರು ಕೇಳಿದಾಗ ನಾವು ಗಟ್ಟಿಯಾಗಿ ಅಮ್ಮನ ಹೆಸರು ಹೇಳಿದೆವು. ಹಾಜರಿ ಪುಸ್ತಕದ ಅರ್ಧ ಪುಟ ತುಂಬಿದ ಮೇಲೆ ಅವರಿಗೆ ಸಂಶಯ ಬಂತಂತೆ.

ಮೂರನೇ ವರ್ಷ ಮಾಷ್ಟ್ರಿಗೆ ವರ್ಗವಾಯಿತು. ಅವರನ್ನು ಬೀಳ್ಕೊಡುವ ದಿನ ಮಕ್ಕಳ ಪರವಾಗಿ ಕೃತಜ್ಞತೆ ಹೇಳುವವರು ಯಾರು? ಕೇಳಬೇಕೇ, ಅಕ್ಕ! ಅವಳು ಒಂದು ವಾರ ಹಟ್ಟಿಯಲ್ಲಿ ದನಗಳ ಮುಂದೆ ನಿಂತು “ಪೂಜ್ಯ ಗುರುಗಳೇ” ಎಂದಳು. “ಮಗಳು ಭಾಷಣ ಮಾಡುದು ನೋಡ್ಬೇಕು” ಎಂದು ಅಪ್ಪ ಒಗೆದ ಶಾಲು ತೆಗೆದಿಟ್ಟರು. ಮಾಷ್ಟ್ರಿಗೆ ಹೇಳುವುದು ನನಗೂ ಇತ್ತು. ಊರು ಬಿಟ್ಟ ಮೇಲೆ ಅವರು ಅಕ್ಕನನ್ನು ನೆನೆಸಿಕೊಂಡಾರು, ನನ್ನನ್ನು ಯಾಕೆ ನೆನೆಸಿಕೊಳ್ಳುತ್ತಾರೆ? ಹಗಲೂ ರಾತ್ರಿಯೂ ನನಗೆ ಇದೇ ಸಂಕಟ.

ಆ ಬೆಳಿಗ್ಗೆ ತೋಡು ದಾಟುವಾಗ ಅಕ್ಕ ಲಂಗ ಎತ್ತಿ ಹಿಡಿಯಲು ತನ್ನ ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. ಅದರೊಳಗಿದ್ದ ಭಾಷಣದ ಕಾಗದವನ್ನು ಮೆಲ್ಲನೆ ತೆಗೆದು ಚಡ್ಡಿಯ ಕಿಸೆಗೆ ಹಾಕಿಕೊಂಡೆ.

ಶಾಲೆಯಲ್ಲಿ ಮನೆಮನೆಯಿಂದ ತಂದ ತೆಂಗಿನಕಾಯಿ, ಬಾಳೆಹಣ್ಣು ರಾಶಿ ಬಿದ್ದಿತ್ತು. ಹಣ್ಣಿನ ಪರಿಮಳಕ್ಕೆ ನೊಣಗಳೂ ಬಂದಿದ್ದವು. ಅಕ್ಕ ಎದ್ದಳು. ಈಗ ಸಿಕ್ಕಿಬಿದ್ದಳು ಎಂದು ಉಸಿರು ಹಿಡಿದು ಕುಳಿತೆ. ಅವಳು ಪುಸ್ತಕವನ್ನು ಬಿಡಿಸಲೇ ಇಲ್ಲ. ಕಣ್ಣು ಮುಚ್ಚಿ ಇಡೀ ಭಾಷಣವನ್ನು ಬಾಯಿಪಾಠ ಹೇಳಿಬಿಟ್ಟಳು! ‘ಜ್ಞಾನಜ್ಯೋತಿ’ ಬಂತು, ‘ಚಿರಋಣಿ’ಯೂ ಬಂತು. ಕಾಗದ ಇಲ್ಲದ್ದರಿಂದ ಚಪ್ಪಾಳೆ ಇನ್ನೂ ಜೋರಾಯಿತು.

“ಬೇರೆ ಯಾರಾದ್ರೂ ಮಾತಾಡ್ತೀರಾ?” ಎಂದು ಮಾಷ್ಟ್ರು ಸುಮ್ಮನೆ ಕೇಳಿದರು. ನೋಡಿದರೆ ನಾನು ಎದ್ದು ನಿಂತಿದ್ದೆ. ಹೊಟ್ಟೆಕಿಚ್ಚು ಎಬ್ಬಿಸಿ ನಿಲ್ಲಿಸಿತ್ತು, ಆಡಲು ಮಾತು ಮಾತ್ರ ಕೊಟ್ಟಿರಲಿಲ್ಲ. ದೊಡ್ಡ ಶಬ್ದಗಳನ್ನೆಲ್ಲ ಅಕ್ಕ ಮುಗಿಸಿದ್ದಳು. ಮಾಷ್ಟ್ರು ನಮಗೆ ಅಪ್ಪನ ಹಾಗೆ ಎನ್ನಲು ಹೊರಟೆ. ಹೆದರಿಕೆಗೆ ನಾಲಗೆ ತುಳುವಿನ ಕಡೆ ಹೊರಳಿತು. “ಮಾಷ್ಟ್ರು ನಮಗೆ... ಅಮ್ಮನ ಹಾಗೆ” ಎಂದುಬಿಟ್ಟೆ.

ಇಡೀ ಶಾಲೆ ಘೊಳ್ಳೆಂದಿತು. ಅಷ್ಟು ದಪ್ಪ ಮೀಸೆಯ ಅಮ್ಮ! ಅಕ್ಕ ಹಿಂದಿನಿಂದ ನನ್ನ ಅಂಗಿ ಜಗ್ಗಿ, “ಅಪ್ಪ ಅಂತ ಹೇಳು ಮಾರಾಯ!” ಎಂದಳು. ನನ್ನ ತಪ್ಪು ನನಗೆ ತಿಳಿಯಿತು. ಬೇರೆ ಯಾರು ಹೇಳಿದ್ದರೂ ತಿದ್ದಿಕೊಳ್ಳುತ್ತಿದ್ದೆ. ಅಕ್ಕ ಹೇಳಿದ್ದನ್ನು? ಸತ್ತರೂ ಇಲ್ಲ!

“ಅಮ್ಮನ ಹಾಗೆಯೇ!” ಎಂದು ಕಿರುಚಿದೆ. “ನಮ್ಮ ಉಗುರು ಕತ್ತರಿಸುದು ಯಾರು? ಮಾಷ್ಟ್ರು. ಕಾಲಿಗೆ ಜಿಗಣೆ ಕಚ್ಚಿದ್ರೆ ಸುಣ್ಣ ಮುಟ್ಟಿಸಿ ತೆಗೆಯುದು ಯಾರು? ನಾನು ಬುತ್ತಿ ತಾರದ ದಿನ ಅವರ ಬುತ್ತಿಯಲ್ಲಿ ಅರ್ಧ ಕೊಟ್ಟದ್ದು ಯಾರು? ಇದೆಲ್ಲ ಮನೆಯಲ್ಲಿ ಅಪ್ಪ ಮಾಡುದಾ? ಅಮ್ಮನೇ ಅಲ್ವಾ ಮಾಡುದು?”

ನಗು ನಿಂತಿತು. ಅಪ್ಪ ಶಾಲಿನಿಂದ ಮುಖ ಒರೆಸಿಕೊಂಡರು. ಮಾಷ್ಟ್ರು ಕುರ್ಚಿಯಿಂದ ಎದ್ದು ಬಂದರು. ಮೀಸೆ ಅದುರುತ್ತಿತ್ತು, ಪೆಟ್ಟು ಗ್ಯಾರಂಟಿ ಎಂದುಕೊಂಡೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಬಹಳ ಹೊತ್ತು ಒರೆಸಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, ಅಕ್ಕನ ಕಡೆ ತಿರುಗಿ, “ನೀನು ಇವನ ಅಕ್ಕ ಅಲ್ವೇನಮ್ಮಾ?” ಎಂದು ಕೇಳಿದರು.

ಇವನ ಅಕ್ಕ! ಆ ಸಂಜೆ ಎರಡು ತೋಡನ್ನೂ ನಾನು ಹಾರಿಯೇ ದಾಟಿದೆ. ಕಿಸೆಯ ಕಾಗದವನ್ನು ಮಾತ್ರ ಅಕ್ಕನಿಗೆ ಕೊಡುವ ಧೈರ್ಯ ಬರಲಿಲ್ಲ.

ಮೊಮ್ಮಕ್ಕಳೇ, ನಿಮಗೆ ಕನ್ನಡಕ್ಕೊಬ್ಬರು, ಲೆಕ್ಕಕ್ಕೊಬ್ಬರು, ಆಟಕ್ಕೊಬ್ಬರು ಟೀಚರ್. ಒಬ್ಬರ ಕಣ್ಣಿಗೆ ಬೀಳದಿದ್ದರೆ ಇನ್ನೊಬ್ಬರ ಕಣ್ಣಿಗೆ ಬೀಳುತ್ತೀರಿ. ನಮಗಿದ್ದದ್ದು ಒಬ್ಬರೇ, ಅವರಿಗಾಗಿ ನಾನು ಅಕ್ಕನ ಜೊತೆ ಮೂರು ವರ್ಷ ಹೋರಾಡಿದೆ. ಮೊನ್ನೆ ಶಿಕ್ಷಕರ ದಿನಕ್ಕೆ ನೀವು ಬಣ್ಣದ ಕಾರ್ಡು ಮಾಡುತ್ತಿದ್ದಾಗ ಅಕ್ಕ ಬಂದಿದ್ದಳಲ್ಲ? ನನ್ನ ಹಳೆಯ ಪೆಟ್ಟಿಗೆಯಿಂದ ಆ ಕಾಗದವನ್ನು ತೆಗೆದು ನಿಮ್ಮ ಕಾರ್ಡುಗಳ ಪಕ್ಕದಲ್ಲಿಟ್ಟೆ. ಮಡಿಕೆಗಳು ಹರಿದಿದ್ದವು. ಅರುವತ್ತು ವರ್ಷದ ಹಿಂದಿನ ಕಳ್ಳತನವನ್ನು ಒಪ್ಪಿಕೊಂಡೆ.

ಅಕ್ಕ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನಕ್ಕಳು. “ನೀನು ಕಿಸೆಗೆ ಹಾಕಿದ್ದು ಆಗಲೇ ನೋಡಿದ್ದೆ ಮಾರಾಯ. ಹೇಳಿದ್ರೆ ಮಾಷ್ಟ್ರು ನಿನಗೆ ಹೊಡೀತಿದ್ರು” ಎಂದಳು.

ನೋಡಿದಿರಾ? ಅಲ್ಲಿಯೂ ಅವಳೇ ಫಸ್ಟು!