ಬೇವಿನ ಬುಡದಲ್ಲಿ ಹುಗಿದದ್ದು

ನನ್ನ ತಂಗಿ ಅನ್ನಪೂರ್ಣಾ ಮುನವಳ್ಳಿಯಲ್ಲಿ ಜಂಪರು ಹೊಲಿಯುವವಳು. ಹಬ್ಬ ಬಂತೆಂದರೆ ಅವಳ ಮಷೀನಿಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ.

ಮಗಳಿಗೆ ಮೊಲೆ ಬಿಡಿಸಿದ ಮೇಲೆ ಅವಳ ಎಡ ಎದೆಯಲ್ಲಿ ಗಂಟು ಎದ್ದಿತು. ಅತ್ತೆ ರಾಚವ್ವ "ಹಾಲ ಕಟ್ಟೇತಿ" ಎಂದು ಮಲ್ಲಿಗೆ ಹೂವು ಕಟ್ಟಿದಳು. ಹೂವು ಬಾಡಿತು, ಗಂಟು ಒಡೆದು ಕೀವು ಸೋರಿತು.

ಸವದತ್ತಿಯ ಡಾಕ್ಟರು ಗಂಟು ಕೊಯ್ದು, ಒಂದು ಚೂರನ್ನು ಔಷಧದ ನೀರಿದ್ದ ಬಾಟಲಿಯಲ್ಲಿ ಹಾಕಿ ಕೊಟ್ಟರು. "ಬೆಳಗಾವಿ ಲ್ಯಾಬಿಗೆ ಮುಟ್ಟಸ್ರಿ. ಕ್ಯಾನ್ಸರೋ, ಟಿಬಿನೋ, ಮತ್ತೊಂದೋ, ಇದರಾಗ ತಿಳಿತೈತಿ."

"ಯಾವುದರ ಇರಲಿ ಅಣ್ಣಾ, ಹೆಸರ ಗೊತ್ತಾದ್ರ ಸಾಕ," ಎಂದಳು ತಂಗಿ.

ರಾತ್ರಿ ಬಾಟಲಿಯನ್ನು ಅವಳ ಮನೆಯ ಗೋಡೆಯ ಮಾಡದಲ್ಲಿ ಇಟ್ಟಿದ್ದೆ. ಮುಂಜಾನೆ ಒಯ್ಯಲು ಹೋದರೆ ಅದು ಅಲ್ಲಿಲ್ಲ. ಮನೆ ಹಾರಿಹೋಗುವಂತೆ ಒದರಿದೆ. ರಾಚವ್ವ ಹಿತ್ತಲ ಬೇವಿನ ಗಿಡ ತೋರಿಸಿದಳು. ಆ ಮನೆಯ ಕೂಸುಗಳು ಹುಟ್ಟಿದಾಗ ಬಿದ್ದ ಮಾಸನ್ನೆಲ್ಲ ಅವಳು ಹುಗಿದದ್ದು ಅಲ್ಲೇ.

"ಲ್ಯಾಬಿನ್ಯಾಗ ನೋಡಿದ ಮ್ಯಾಲೆ ಸುಡತಾರಂತಪಾ. ಲಿಂಗಾ ಕಟ್ಟಿದ ಮೈ ಬೆಂಕಿಗೆ ಹಾಕೂದನ? ಇಭೂತಿ ಹಚ್ಚಿ ಮಣ್ಣಿಗೆ ಕೊಟ್ಟೇನಿ."

"ಬಾಟ್ಲಿ ಸುದ್ದ ಹುಗದಿಯೇನಬೇ?"

"ಬಾಟ್ಲಿ ತೊಳದ ಇಟ್ಟೇನಿ. ಎಣ್ಣಿ ಹಾಕಾಕ ಬರತೈತಿ."

ಗುದ್ದಲಿ ತಂದು ಅಗೆದೆ. ಸಿಕ್ಕಿತು, ಇರುವೆ ಮುತ್ತಿತ್ತು. ಡಾಕ್ಟರು ನೋಡಿ, ಇದು ಇನ್ನು ಲ್ಯಾಬಿಗೆ ನಡೆಯುವುದಿಲ್ಲ ಎಂದರು. ಮತ್ತೆ ಕೊಯ್ಯಿಸಿಕೊಳ್ಳಲು ತಂಗಿ ಒಲ್ಲೆನೆಂದಳು. ಕೊನೆಗೆ ಅಂದಾಜಿನ ಮೇಲೆ ಟಿಬಿ ಗುಳಿಗೆ ಶುರುವಾಯಿತು.

ತಿಂಗಳುಗಟ್ಟಲೆ ನುಂಗಿದಳು. ಉಂಡದ್ದು ನಿಲ್ಲಲಿಲ್ಲ, ಗಾಯಕ್ಕೆ ಮಾತ್ರ ಹೊಸ ಬಾಯಿಗಳು ಮೂಡಿದವು. ಟಿಬಿ ಎಂದು ಸುದ್ದಿ ಹಬ್ಬಿ ಓಣಿಯವರು ಅರಿವೆ ಕೊಡುವುದು ಬಿಟ್ಟರು. ಮಗಳನ್ನು ರಾಚವ್ವ ತನ್ನ ಮಗ್ಗುಲಲ್ಲಿ ಮಲಗಿಸಿಕೊಂಡಳು. ಗಂಡ ಕಲ್ಮೇಶ ಹೊರಗಿನ ಕಟ್ಟೆಗೆ ಹಾಸಿಗೆ ಒಯ್ದ.

ಆಮೇಲೆ ನಾನೇ ಅವಳನ್ನು ಜಗ್ಗಾಡಿ ಬೆಳಗಾವಿಗೆ ಒಯ್ದೆ. ಈ ಸಲದ ಚೂರು ಯಾರ ಮಾಡಕ್ಕೂ ಹೋಗದೆ ನೆಟ್ಟಗೆ ಲ್ಯಾಬಿಗೆ ಹೋಯಿತು. ವರದಿ ಓದಿ ಡಾಕ್ಟರಮ್ಮ ಹೇಳಿದರು: "ಕ್ಯಾನ್ಸರ್ ಅಲ್ರಿ, ಟಿಬಿನೂ ಅಲ್ಲ. ಗ್ರ್ಯಾನ್ಯುಲೋಮ್ಯಾಟಸ್ ಮಾಸ್ಟೈಟಿಸ್ ಅಂತಾರ. ಭಾಳ ಮಂದಿಗೆ ಬರೂದಲ್ಲ. ಮೈ ತನ್ನ ಎದಿ ಮ್ಯಾಲೆ ತಾನ ಸಿಟ್ಟಾಗೇತಿ."

"ಯಾಕ ಸಿಟ್ಟು?" ಎಂದೆ.

"ಅದು ನಮಗೂ ಪೂರ್ತಿ ಗೊತ್ತಿಲ್ರಿ."

ಟೇಬಲ್ ಗುದ್ದಬೇಕೆನಿಸಿತು. ತಂಗಿ ನನ್ನ ಕೈ ಹಿಡಿದಳು. ಹೆಸರು ಸಿಕ್ಕಿತ್ತು, ಅದನ್ನು ಹೇಳಲು ಅವಳಿಗೆ ನಾಲಿಗೆ ತಿರುಗಲಿಲ್ಲ.

ಸ್ಟೆರಾಯ್ಡ್ ಗುಳಿಗೆಗೆ ಗಾಯ ಮುಚ್ಚಿತು, ಮುಖ ಬಾತಿತು. ಗುಳಿಗೆ ಇಳಿಸಿದರೆ ಗಾಯ ಮತ್ತೆ ತೆರೆಯಿತು. ಹೀಗೇ ನಡೆದಿದೆ. ಹತ್ತಿ ಇಟ್ಟುಕೊಳ್ಳಲು ಅವಳು ತನ್ನ ಜಂಪರುಗಳಿಗೆ ಒಳಗೆ, ಎಡಕ್ಕೆ, ಒಂದು ಕಿಸೆ ಹೊಲಿದುಕೊಂಡಿದ್ದಾಳೆ.

ಮೊನ್ನೆ ಹೋದಾಗ ಮಷೀನಿನ ಮುಂದೆ ಕುಳಿತು ಮತ್ತೆ ಕಿಸೆ ಹಚ್ಚುತ್ತಿದ್ದಳು.

"ಎಡಕ ಇತ್ತಲ್ಲವಾ?"

"ಈಗ ಬಲಕ್ಕೂ ಬೇಕಾಗೇತಿ ಅಣ್ಣಾ. ಒದರಬ್ಯಾಡ, ಕೂಸು ಮಲಗೇತಿ."

ಒದರಲಿಲ್ಲ. ಅವಳು ದಾರ ಕಡಿದು ಜಂಪರು ಮಡಚಿಟ್ಟಳು.